ಹೂವಿನವಳ ಹೊಂಗೆ

ಹೊಂಗೆ ಮರದ ಬುಡದಲ್ಲಿ ಹೂ ಮಾರುತ್ತಿದ್ದ ಚಿಕ್ಕತಾಯಮ್ಮ ಅರಣ್ಯ ಇಲಾಖೆಯ ಸಾಹೇಬರ ಮಾತು ಕೇಳಿ ಕಟ್ಟುತ್ತಿದ್ದ ಮಾಲೆ ಕೆಳಗಿಟ್ಟಳು.

"ಮುಂದಿನ ವರ್ಷ ರಸ್ತೆ ಅಗಲ ಆಗ್ತದಮ್ಮ. ಈ ಮರ ಕೊಳೀತಿದೆ, ಕಡೀತೀವಿ."

"ನೆರಳು ಹೋದ್ರೆ ನನ್ ಮಲ್ಲಿಗೆ ಒಂದು ಗಳಿಗೆ ತಡೆಯಲ್ಲ ಸ್ವಾಮಿ. ಮಲ್ಲಿಗೆ ಬಾಡುದ್ರೆ ನಮ್ಮನೆ ಒಲೆ ಹತ್ತಲ್ಲ. ಮರ ಗಟ್ಟಿಯಾದ್ರೆ?"

"ಗಟ್ಟಿ ಮರ ಕಡಿಯೋಕೆ ಅಪ್ಪಣೆ ಇಲ್ಲ. ಯಾವನೋ ಕೊಂಬೆ ಸಿಗಿದು ಹಾಕಿದ್ದಾನೆ, ಅಲ್ಲಿಂದ ಕೊಳೆಯೋಕೆ ಶುರುವಾಗಿದೆ."

"ಹಂಗಾರೆ ಹೆಂಗೆ ಕುಯ್ಯಬೇಕಿತ್ತು?"

"ಕಾಂಡದಿಂದ ಮೊಳ ದೂರದಲ್ಲಿ ಮೊದಲು ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿಂದ. ಆಗ ತೊಗಟೆ ಸಿಗಿಯಲ್ಲ. ಉಳಿದ ಮೋಟನ್ನ, ಕೊಂಬೆ ಕಾಂಡಕ್ಕೆ ಸೇರೋ ಕಡೆ ಇರೋ ಉಬ್ಬು ಬಿಟ್ಟು ತೆಗೀಬೇಕು. ಗಾಯ ತಾನೇ ಮುಚ್ಕೊಳ್ತದೆ."

ಅವತ್ತೇ ಅವಳು ಗಂಡನ ಕೈಗೆ ಗರಗಸ ಕೊಟ್ಟು, ಕೆಟ್ಟ ಕೊಂಬೆ ತೆಗೆಯಲು ಮರ ಹತ್ತಿಸಿದಳು.

"ಅಡಿಯಿಂದ ಕುಯ್ಯಿ ಅಂದ್ರೆ ಮೇಲಿಂದ ಗರಗಸ ಇಡ್ತೀಯಲ್ಲ, ನಿನ್ ತಲೆಗಿಷ್ಟು ಬೆಂಕಿ ಹಾಕ! ಆ ಉಬ್ಬು ಮುಟ್ಟುದ್ರೆ ಕೆಳಗಿಳೀಬ್ಯಾಡ!"

"ನಂಗೆ ಜ್ವರ ಬಂದಾಗ್ಲೂ ಇಷ್ಟು ಜ್ವಾಪಾನ ಮಾಡ್ಲಿಲ್ಲ ನೀನು" ಎಂದು ಅವನು ಮೇಲಿಂದ ಗೊಣಗಿದ.

ಆಮೇಲೆ ವರ್ಷವಿಡೀ ಅವಳು ಹೂವಿನ ಬುಟ್ಟಿ ಇಳಿಸುವ ಮೊದಲು ಕತ್ತೆತ್ತಿ ಆ ಗಾಯ ನೋಡುತ್ತಿದ್ದಳು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಹೊರದ ಹರಕೆಯಿರಲಿಲ್ಲ.

ಸಾಹೇಬರು ಮತ್ತೆ ಬಂದಾಗ ಗಾಯದ ಸುತ್ತ ಹೊಸ ತೊಗಟೆ ಬೆಳೆದಿತ್ತು. ಅವರು ಕಾಂಡ ತಟ್ಟಿ ನೋಡಿದರು.

"ಭೇಷ್! ಕಲ್ಲಿನ ಹಾಗಿದೆ. ಇದನ್ನ ಕಡಿಯೋ ಮಾತೇ ಇಲ್ಲ."

ಚಿಕ್ಕತಾಯಮ್ಮ ಅಳುತ್ತ ಅವರ ಕಾಲಿಗೆ ಬಿದ್ದಳು.

ಸಾಹೇಬರು ಹಿಂದೆ ತಿರುಗಿ ಕೂಗಿದರು: "ಕ್ರೇನ್ ತರಿಸ್ರಪ್ಪ. ಬೇರು ಸಮೇತ ಎತ್ತಿ ಊರಾಚೆ ಪಾರ್ಕಲ್ಲಿ ನೆಡೋಣ."