ಪ್ರತಿ ಸಾಲಿನ ಪಕ್ಕದ ಹೆಸರು

ಮಕ್ಕಳ ಔಷಧದ ಅಳತೆ ಹೇಳುವ ಪ್ರೋಗ್ರಾಂ ತಪ್ಪು ಲೆಕ್ಕ ಕೊಡುತ್ತಿದೆ ಎಂದು ನಿನ್ನೆ ದೂರು ಬಂದಿತ್ತು. ಮ್ಯಾನೇಜರ್ ಟೀಮ್ ಲೀಡನ್ನೂ ಅವನ ಕೈಕೆಳಗಿನ ವಾರಿಜಾಳನ್ನೂ ಕರೆಸಿ ಬಾಗಿಲು ಹಾಕಿದರು. ಪರದೆಯ ಮೇಲೆ, ಪ್ರೋಗ್ರಾಂನ ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರ ಜಾಗದಲ್ಲಿ ಒಂದೇ ಹೆಸರಿತ್ತು: ವಾರಿಜಾ.

“ಫೈಲ್ ಪೂರ್ತಿ ಇವಳೇ ಬದಲಾಯಿಸಿದ್ದಾಳೆ ಮೇಡಂ,” ಎಂದ ಟೀಮ್ ಲೀಡ್. “ನಂಗೆ ಮೊದಲಿಂದ್ಲೂ ಇವಳ ಮೇಲೆ ಅನುಮಾನ.”

“ಒಂದಕ್ಷರಾನೂ ಮುಟ್ಟಿಲ್ಲ ಮೇಡಂ,” ಎಂದಳು ವಾರಿಜಾ. “ನಂದೊಬ್ಬಳದೇ ವಿಂಡೋಸ್ ಲ್ಯಾಪ್‌ಟಾಪ್. ಪ್ರತಿ ಸಾಲಿನ ಕೊನೆಗೆ ಬೀಳೋ, ಕಣ್ಣಿಗೆ ಕಾಣದ ಗುರುತು ಇದರಲ್ಲಿ ಬೇರೆ. ಸುಮ್ನೆ ಸೇವ್ ಮಾಡಿದ್ರೂ ಎಲ್ಲಾ ಸಾಲೂ ನಾನೇ ಬದಲಾಯಿಸಿದ ಹಾಗೆ ತೋರ್ಸುತ್ತೆ. ಆ ಗುರುತು ಬಿಟ್ಟು ನೋಡಿ.”

ಮ್ಯಾನೇಜರ್ ಹಾಗೇ ನೋಡಿದರು. ವಾರಿಜಾಳ ಹೆಸರು ಎಲ್ಲೂ ಉಳಿಯಲಿಲ್ಲ. ತಪ್ಪಿದ್ದ ಸಾಲಿನ ಪಕ್ಕದಲ್ಲಿ ಲೀಡ್‌ನ ಹೆಸರಿತ್ತು.

“ಅಯ್ಯೋ, ನಂದೇನಾ! ನೆನಪೇ ಇರ್ಲಿಲ್ಲ,” ಎಂದು ಅವನು ನಕ್ಕ.

ಮ್ಯಾನೇಜರ್ ನಗಲಿಲ್ಲ. “ಬದಲಾಯಿಸೋಕೆ ಏನೂ ಇಲ್ಲದ ಫೈಲನ್ನ ನೀನ್ಯಾಕಮ್ಮ ಸೇವ್ ಮಾಡಿದೆ?”

“ನಿನ್ನೆ ದೂರು ಬಂದ ತಕ್ಷಣ ಇವರೇ ಫೋನ್ ಮಾಡಿದ್ರು ಮೇಡಂ. ‘ಏನೂ ಮುಟ್ಬೇಡ, ನಿನ್ನ ಲ್ಯಾಪ್‌ಟಾಪಲ್ಲೇ ತೆರೆದು ಒಂದ್ಸಲ ಸೇವ್ ಮಾಡಿ ಕಳ್ಸು’ ಅಂದ್ರು.”