ಕಾಲರಿನ ಅಧ್ಯಾಯ

ಕಾಲರಿನ ಅಧ್ಯಾಯ ಮತ್ತೆ ಕಾಣಲಿಲ್ಲ. ಅತ್ತೆ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದರು. ತೋಳಿನ ಅಧ್ಯಾಯ ಇತ್ತು, ಜೇಬಿನದೂ ಇತ್ತು. ಆಮೇಲೆ ಬರೀ ಬಿಳಿ ಹಾಳೆ.

“ನಿನ್ನೆ ಬರೆದೆ ಅಂದ್ಕೊಂಡಿದ್ದೆ. ಬರೆದೇ ಇಲ್ಲ ನೋಡು,” ಅಂದರು. “ಹೊಲಿಗೆ ಬಿಚ್ಚಿದ್ರೂ ಬಟ್ಟೆ ಮೇಲೆ ಸೂಜಿ ಗುರುತು ಉಳಿಯುತ್ತೆ. ಇಲ್ಲಿ ಅದೂ ಇಲ್ಲ. ನಾಳೆ ಡಾಕ್ಟರಿಗೆ ಇದನ್ನೂ ಹೇಳ್ಬೇಕು.”

ಹೊಲಿಗೆ ಕಲಿಸಿ ನಿವೃತ್ತರಾದ ಅತ್ತೆ ತಮ್ಮ ಪಾಠಗಳನ್ನೆಲ್ಲ ಪುಸ್ತಕ ಮಾಡಲು ಹೊರಟಿದ್ದರು. ಈಚೆಗೆ ಬರೆದದ್ದೆಲ್ಲ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಮೊದಮೊದಲು ಅವರೇ ನಗೆಯಾಡಿದರು. ಆಮೇಲೆ ನಗು ನಿಂತಿತು. ಈಗ ಕನ್ನಡಕ ಎಲ್ಲಿ ಎಂದು ಕೇಳಿದರೂ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಮಗ ಒಂದು ಚೀಟಿ ಬರೆದು ಅವರ ಸ್ವೆಟರಿನ ಜೇಬಿನಲ್ಲಿಟ್ಟಿದ್ದ: ‘ಇವರಿಗೆ ಮರೆವು. ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ತಿಳಿಸಿ.’ ಒಗೆದರೂ ಅಳಿಯದಿರಲೆಂದು ಮೇಲೆ ಟೇಪು ಅಂಟಿಸಿದ್ದ. ಅಕ್ಷರ ದುಂಡಗಿದ್ದವು, ಚಿಕ್ಕಂದಿನಲ್ಲಿ ತಿದ್ದಿಸಿದವರು ಅತ್ತೆಯೇ.

ಬಟಾಣಿ ಬಿಡಿಸುತ್ತಿದ್ದ ಸೊಸೆಯ ಕೈ ನಿಂತಿತು. “ಇಲ್ಲ ಅತ್ತೆ. ಕಾಲರಿನ ತುದಿ ಅನ್ನಲೋ ಮೊನೆ ಅನ್ನಲೋ ಅಂತ ನಿನ್ನೆ ನನ್ನ ಕೇಳಿದ್ರಿ. ನಾನು ಮೊನೆ ಅಂದೆ. ಹಾಗೇ ಬರೆದ್ರಿ. ಇಲ್ಲೇ ನಿಂತು ನೋಡಿದೀನಿ.”

“ನೋಡಿದ್ಯಾ?” ಅತ್ತೆ ತಿರುಗಿದರು. ಮರುಗಳಿಗೆಗೇ ಕಣ್ಣು ಕೆಳಗಿಳಿಯಿತು. “ಹಾಗಿದ್ರೆ ಸೇವ್ ಮಾಡೋದು ಮರೆತಿರ್ತೀನಿ, ಬಿಡು.”

ಸೊಸೆ ಬಿಡಲಿಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತನ್ನ ತಮ್ಮನಿಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟಳು. ವಿಷಯ ಕೇಳಿದ ತಮ್ಮ, “ಅಯ್ಯೋ, ನಿಮ್ಮತ್ತೆ ಸೇವ್ ಒತ್ತಿರಲ್ಲ ಅಕ್ಕ, ಇನ್ನೇನು,” ಅಂದ.

“ಅವರೂ ಕೇಳಿಸ್ಕೊಳ್ತಿದಾರೆ ಕಣೋ. ಸ್ಪೀಕರ್ ಹಾಕಿದೀನಿ.”

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು. “ಅಲ್ಲ... ಈಚೆಗೆ ಮಷೀನು ನಿಧಾನ ಆಗಿದೆಯಾ ಅಮ್ಮಾ?”

“ಆಗಿದೆಯಪ್ಪಾ. ನನ್ನ ಥರಾನೇ. ಒಂದೊಂದ್ಸಲ ಚಕ್ರ ಸುತ್ತುತ್ತಾನೇ ಇರುತ್ತೆ.”

“ಹಾಗಾದ್ರೆ ಬೇಡದ ಫೋಟೋ ಒಂದನ್ನ ಅಳಿಸಿಬಿಡಿ. ಆಮೇಲೆ ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ.”

ಪುಸ್ತಕಕ್ಕೆಂದು ತೆಗೆದ ಚಿತ್ರಗಳ ನಡುವೆ ಒಂದರ ತುಂಬ ಅತ್ತೆಯ ಹೆಬ್ಬೆರಳೇ ಇತ್ತು. ಅದನ್ನು ಅಳಿಸಿದರು. ಇಲ್ಲವಾದದ್ದನ್ನು ಇಬ್ಬರೂ ನೋಡಿದರು. ಆಫ್ ಮಾಡಿದರು. ಸೊಸೆ ಹೋಗಿ ಉಕ್ಕುತ್ತಿದ್ದ ಹಾಲನ್ನು ಇಳಿಸಿ ಬರುವಷ್ಟರಲ್ಲಿ ಪರದೆ ಮತ್ತೆ ಬೆಳಗಿತ್ತು. ಹೆಬ್ಬೆರಳು ತನ್ನ ಜಾಗದಲ್ಲೇ ಕೂತಿತ್ತು.

“ಬಂತಾ?” ಅಂದ ತಮ್ಮ.

“ಬಂತು ಕಣೋ. ಅಳಿಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ.”

“ಹಾಗಾದ್ರೆ ಒಳಗಿರೋ ಎಸ್‌ಎಸ್‌ಡಿ ಕೈ ಕೊಡ್ತಾ ಇದೆ. ಎಲ್ಲಾನೂ ಇಟ್ಕೊಳ್ಳೋದೇ ಅದು. ಹಳೇದನ್ನ ಓದಿ ತೋರಿಸುತ್ತೆ, ಹೊಸದೇನೂ ಒಳಗೆ ಇಳಿಯಲ್ಲ. ಸೇವ್ ಮಾಡಿ ಅಂದ್ರೆ ಹೂಂ ಅನ್ನುತ್ತೆ, ಆಫ್ ಮಾಡಿದ ಮೇಲೆ ಏನೂ ನೆನಪಿರಲ್ಲ. ಅಮ್ಮನದೇನೂ ತಪ್ಪಿಲ್ಲ. ಅದು ಪೂರ್ತಿ ಕಣ್ಮುಚ್ಚೋ ಮುಂಚೆ ಇರೋದನ್ನೆಲ್ಲ ಪೆನ್‌ಡ್ರೈವಿಗೆ ಹಾಕ್ಕೊಂಡು, ಸಂಜೆ ಭಾವನ ಕೈಲಿ ಅಂಗಡಿಗೆ ಕಳಿಸು.”

“ಕಾಲರಿನ ಅಧ್ಯಾಯ ಸಿಗುತ್ತೇನೋ?”

“ಇಲ್ಲ ಅಕ್ಕ. ಅದು ಎಲ್ಲೂ ಇಲ್ಲ.”

“ಎಲ್ಲೂ ಇಲ್ಲದೆ ಏನು?” ಅಂದರು ಅತ್ತೆ. ಇದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿದರು. ಆಮೇಲೆ ಸೊಸೆಯ ಫೋನನ್ನು ಅವಳ ಕೈಗೇ ಕೊಟ್ಟು, “ನಾನು ಹೇಳ್ತೀನಿ, ನೀನು ಬರ್ಕೋ,” ಎಂದು ಕಣ್ಣು ಮುಚ್ಚಿದರು. “ಕಾಲರನ್ನು ತಿರುಗಿಸುವ ಮುನ್ನ ಮೂಲೆಯ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ. ಕತ್ತರಿ ಹೊಲಿಗೆಗೆ ತಾಗಬಾರದು. ಕತ್ತರಿಸದೆ ತಿರುಗಿಸಿದರೆ ಮೊನೆ ಮೊಂಡಾಗುತ್ತದೆ...” ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಎಲ್ಲೂ ತಡವರಿಸಲಿಲ್ಲ. ಹಿಂದೆ ಬಿದ್ದದ್ದು ಸೊಸೆಯ ಬೆರಳು.

ಅಧ್ಯಾಯ ಮುಗಿದ ಮೇಲೆ ಸೊಸೆ ತಲೆಯೆತ್ತಲಿಲ್ಲ. “ನಾನೂ ನಂಬಿಬಿಟ್ಟಿದ್ದೆ ಅತ್ತೆ.”

“ನಾನೇ ನಂಬಿದ್ದೆ, ನಿನ್ನದೇನು. ಆ ಬಟಾಣಿ ಇತ್ತ ಕೊಡು.” ಅತ್ತೆ ಎದ್ದು ಸೀದಾ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಸೊಸೆ ಕೂತಲ್ಲೇ ಕೂತಿದ್ದಳು. “ನಾಳೆ ಡಾಕ್ಟರ ಹತ್ರ ಹೋಗೋದು ಹೋಗೋಣ,” ಒಳಗಿನಿಂದ ದನಿ ಬಂತು, “ಮಂಡಿ ತೋರಿಸ್ಬೇಕು.”

ಸಂಜೆ ಮಗ ಬಂದಾಗ ಲ್ಯಾಪ್‌ಟಾಪ್ ಚೀಲದೊಳಗೆ ಸೇರಿ ಬಾಗಿಲ ಬಳಿ ಸಿದ್ಧವಾಗಿತ್ತು. ಹೆಂಡತಿ ಹೇಳಿದ್ದನ್ನೆಲ್ಲ ಅವನು ಶೂ ಬಿಚ್ಚದೆ ನಿಂತೇ ಕೇಳಿದ. ಬಗ್ಗಿ ಚೀಲ ಎತ್ತಿಕೊಂಡಾಗ ಕಂಡಿತು: ಮೇಲೆ ಗುಂಡುಸೂಜಿಯಿಂದ ಚುಚ್ಚಿದ್ದ, ಟೇಪು ಹಚ್ಚಿದ ಚೀಟಿ. ಅವನದೇ ದುಂಡಗಿನ ಅಕ್ಷರ.

“ಅಮ್ಮಾ, ಇದ್ಯಾಕೆ ಇಲ್ಲಿದೆ?”

ಅತ್ತೆ ಒಲೆಯ ಕಡೆಯಿಂದ ತಿರುಗಲಿಲ್ಲ. “ಅಂಗಡಿಗೆ ಹೊರಟಿದೆಯಲ್ಲಪ್ಪಾ ಅದು. ಪಾಪ, ದಾರಿ ತಪ್ಪಿದ್ರೆ?”