ಉಪ್ಪು ಸುರಿದ ಹುಡುಗ... ಬೈದು ಬಡಿಸುವ ಅಜ್ಜಿ

ಹರಿಹರದ ಕಡೆ ಒಂದು ಸರ್ಕಾರಿ ಶಾಲೆ... ಅಲ್ಲಿ ಬಿಸಿಯೂಟದ ಅಡುಗೆ ತಿಪ್ಪಮ್ಮನದು. ಮಕ್ಕಳ ಬಾಯಲ್ಲಿ ಅವಳು ತಿಪ್ಪಜ್ಜಿ.

ಕೈ ದೊಡ್ಡದು... ಬಾಯಿ ಅದಕ್ಕಿಂತ ದೊಡ್ಡದು. ಬೈಯದೆ ಒಂದು ಸೌಟೂ ಬಡಿಸಿದವಳಲ್ಲ.

"ಏನೋ, ಅದು ಹೊಟ್ಟೆನೋ ನೀರಿನ ಟ್ಯಾಂಕೋ?"

"ಲೇ ಕಡ್ಡಿ, ಇನ್ನೊಂಚೂರು ಹಾಕಿಸ್ಕೋ. ಗಾಳಿ ಬಂದ್ರೆ ಹಾರಿ ಹೋಗ್ತೀಯ."

ಸಾಲಲ್ಲಿ ನಿಂತ ಮಕ್ಕಳೆಲ್ಲ ಕಿಸಕಿಸ ನಗೋರು. ಬೈದಷ್ಟೂ ತಟ್ಟೆಗೆ ಅನ್ನ ಜಾಸ್ತಿ ಬೀಳೋದು... ಅವಳ ಪ್ರೀತಿ ಇದ್ದಿದ್ದೇ ಹಾಗೆ.

ಒಂದು ಬುಧವಾರ... ಮೊದಲ ತುತ್ತಿಗೇ ಇಡೀ ಶಾಲೆ ಥೂ ಅಂತ ಉಗಿದುಬಿಡ್ತು. ಸಾಂಬಾರಲ್ಲಿ ಬರೀ ಉಪ್ಪು.

ತಿಪ್ಪಮ್ಮ ಅಂಗೈಗೆ ಒಂದು ಹನಿ ಹಾಕ್ಕೊಂಡು ನೆಕ್ಕಿದಳು. ಪಾತ್ರೆ ಮೇಲೆ ಮುಚ್ಚಳ ಮುಚ್ಚಿಬಿಟ್ಟಳು.

"ವಯಸ್ಸಾಯ್ತು, ಬೇರೆಯವರನ್ನ ನೋಡಿ" ಅಂತ ಶಾಲಾ ಕಮಿಟಿಯವರು ಅವಳ ಎದುರಿಗೇ ಅಂದ್ರು.

ಸಂಜೆ ಹೊತ್ತಿಗೆ ಸತ್ಯ ಹೊರಗೆ ಬಂತು... ಏಳನೇ ಕ್ಲಾಸಿನ ಪರಸು ಬ್ಯಾಗಲ್ಲಿ ಖಾಲಿ ಉಪ್ಪಿನ ಪ್ಯಾಕೆಟ್.

ಪಿ.ಟಿ. ಮೇಷ್ಟ್ರು ಎರಡು ಏಟು ಬಿಟ್ಟೂ ಆಗಿತ್ತು. ಹುಡುಗ ಕಣ್ಣು ಮಿಟುಕಿಸಲಿಲ್ಲ. "ಟಿ.ಸಿ. ಬರೆದು ಕೈಗೆ ಕೊಡಿ ಮೇಡಂ, ಪೀಡೆ ತೊಲಗಲಿ" ಅಂದ್ರು ಮೇಷ್ಟ್ರು ಹೆಡ್‌ಮೇಡಂಗೆ.

ತಿಪ್ಪಮ್ಮನೂ ಅದನ್ನೇ ಅಂದಳು. "ಅವನು ಇಲ್ಲಿದ್ರೆ ನಾನು ಅಡುಗೆಮನೇಲಿ ಕಾಲಿಡಲ್ಲ. ನೀವೇ ನೋಡ್ಕೊಳ್ಳಿ."

ಟಿ.ಸಿ. ಕೊಡೋದು ಬಹಳ ಸುಲಭ ಸ್ವಾಮಿ... ಒಂದು ಸಹಿ, ಒಂದು ಸೀಲು. ಶಾಲೆ ಕ್ಲೀನ್. ಗೇಟಿನಾಚೆ ಹೋದ ಹುಡುಗ ಮಾರನೇ ದಿನದಿಂದ ಯಾವ ಗ್ಯಾರೇಜಲ್ಲಿ ನಟ್ಟು ಬಿಚ್ಚುತ್ತಾನೆ, ಯಾರ ಕೈಲಿ ಒದೆ ತಿಂತಾನೆ... ಅದನ್ನ ವಿಚಾರಿಸೋಕೆ ಯಾವ ಕಮಿಟಿನೂ ಇಲ್ಲ.

ಆದರೆ ಹೆಡ್‌ಮೇಡಂ ಜುಬೇದಾ ಪೆನ್ನು ತೆಗೀಲಿಲ್ಲ.

"ನಾಳೆ ಒಟ್ಟಿಗೆ ಕೂತು ಮಾತಾಡೋಣ. ಆಮೇಲೂ ಕಳಿಸಬೇಕು ಅನ್ನಿಸಿದ್ರೆ ಸಹಿ ಹಾಕ್ತೀನಿ."

ಮಾರನೇ ದಿನ ವರಾಂಡದಲ್ಲಿ ಜಮಖಾನ ಹಾಸಿದ್ರು. ಸುತ್ತ ಪರಸು, ತಿಪ್ಪಮ್ಮ, ಪಿ.ಟಿ. ಮೇಷ್ಟ್ರು... ಹಸಿದ ಮಕ್ಕಳ ಪರವಾಗಿ ಎರಡನೇ ಕ್ಲಾಸಿನ ಸಿಂಚನಾ.

ಮೇಡಂ ನಡುವೆ ಒಂದು ಸೌಟು ಇಟ್ಟರು. "ಇದು ಯಾರ ಕೈಲಿರುತ್ತೋ ಅವರೇ ಮಾತಾಡಬೇಕು. ಉಳಿದವರು ಕೇಳಬೇಕು... ಮೇಷ್ಟ್ರೇ, ನೀವೂ."

"ಇದೇನು ಪಂಚಾಯ್ತಿ ಕಟ್ಟೆನಾ ಮೇಡಂ..."

"ಸೌಟು ನಿಮ್ಮ ಕೈಲಿಲ್ಲ."

ಮೇಷ್ಟ್ರು ಬಾಯಿ ಮುಚ್ಚಿದ್ರು.

"ಮೂರೇ ಮಾತು... ಏನಾಯ್ತು? ಯಾರಿಗೆ ನೋವಾಯ್ತು? ಅದನ್ನ ಸರಿ ಮಾಡೋದು ಹೇಗೆ?" ಅಂದ್ರು ಮೇಡಂ.

ಸೌಟು ಮೊದಲು ಸಿಂಚನಾ ಕೈಗೆ ಹೋಯ್ತು. ಅವಳ ತೋಳಿಗಿಂತ ಉದ್ದ ಇತ್ತು ಅದು.

"ನಾನು ನಿನ್ನೆ ಬರೀ ನೀರು ಕುಡ್ದೆ... ಹೊಟ್ಟೆ ತುಂಬಲಿ ಅಂತ ಜಾಸ್ತಿ ಕುಡ್ದೆ. ಆಮೇಲೆ ಕ್ಲಾಸಲ್ಲಿ ಪದೇಪದೇ ಒಂದಕ್ಕೆ ಹೋಗ್ಬೇಕಾಯ್ತು."

ಮೇಷ್ಟ್ರ ಮೀಸೆ ಅಲ್ಲಾಡಿತು. ಪರಸು ನಗಲಿಲ್ಲ... ತಲೆ ತಗ್ಗಿಸಿದ.

ತಿಪ್ಪಮ್ಮ ಸೌಟು ಹಿಡಿದಳು. "ನನ್ನ ಅಡುಗೆ ಇದ್ದ ದಿನ ಯಾವ ಮಗುನೂ ಹಸ್ಕೊಂಡು ಮನೆಗೆ ಹೋಗಿರ್ಲಿಲ್ಲ. ಕೆಲಸ ಹೋದ್ರೆ ಹೋಗ್ಲಿ ಬಿಡು... ಆ ತಟ್ಟೆಗಳನ್ನ ಚೆಲ್ಲೋವಾಗ ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು ಕಣೋ."

ಈಗ ಪರಸು ಸರದಿ. ಸೌಟಿನ ಹಿಡಿ ತಿರುಗಿಸ್ತಾ ಕೂತ. ಯಾರೂ ಅವಸರ ಮಾಡಲಿಲ್ಲ.

"ಹೋದ ವಾರ ಮೊಟ್ಟೆ ಕೊಟ್ಟ ದಿನ... ನಾನು ಇನ್ನೊಂದು ಕೇಳಿದೆ. 'ಯಾಕೋ, ನಿಮ್ಮನೇಲಿ ಬೆಳಿಗ್ಗೆ ಒಲೆನೇ ಹಚ್ಚಲ್ವೇನೋ' ಅಂದೆ ನೀನು ಅಜ್ಜಿ. ಎಲ್ಲರೂ ನಕ್ರು."

ತಿಪ್ಪಮ್ಮನಿಗೆ ನೆನಪೇ ಇರಲಿಲ್ಲ... ಅಂಥ ಮಾತು ಅವಳು ದಿನಾ ಎಷ್ಟು ಜನಕ್ಕೆ ಅಂತಿದ್ದಳೋ.

"ನಿಜ ಅಜ್ಜಿ... ಹಚ್ಚಲ್ಲ. ಅವ್ವ ಕತ್ತಲಲ್ಲೇ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಅದು ಯಾರಿಗೂ ಗೊತ್ತಿರ್ಲಿಲ್ಲ. ಅವತ್ತಿಂದ ಎಲ್ಲರೂ ನನ್ನ 'ಒಲೆ' ಅಂತ ಕರೀತಾರೆ."

"ಒಂದು ದಿನ ನಿನ್ನ ನೋಡಿನೂ ಎಲ್ಲರೂ ನಗಲಿ ಅನ್ನಿಸ್ತು... ಚಿಕ್ಕೋರು ಹಸ್ಕೊಂತಾರೆ ಅಂತ ತಲೆಗೇ ಬರ್ಲಿಲ್ಲ."

ತಿಪ್ಪಮ್ಮ ಸರದಿ ಕಾಯಲಿಲ್ಲ. ಸೌಟನ್ನು ಅವನ ಕೈಯಿಂದ ಕಿತ್ಕೊಂಡಳು.

"ಲೇ ಪರಸು... ನಾನು ಪ್ರೀತಿಗೆ ಅಂದಿದ್ದು ಕಣೋ. ನೀನು ನಗ್ತಿದೀಯೋ ಇಲ್ವೋ ಅಂತ ನಿನ್ನ ಮುಖನೇ ನೋಡ್ಲಿಲ್ಲ ನಾನು... ಅಜ್ಜಿದು ತಪ್ಪಾಯ್ತು ಮಗಾ."

ಕೋಲಿನೇಟಿಗೆ ಅಳದ ಹುಡುಗ ಆಗ ಅತ್ತ... ಮೊಣಕಾಲಲ್ಲಿ ಮುಖ ಹುದುಗಿಸಿ, ಬಿಕ್ಕಿ ಬಿಕ್ಕಿ ಅತ್ತ.

"ಸರಿ ಮಾಡೋದು ಹೇಗೆ ಪರಸು?" ಮೇಡಂ ಮೆಲ್ಲಗೆ ಕೇಳಿದರು.

"ಎಲ್ಲಾ ಕ್ಲಾಸಿಗೂ ಹೋಗಿ ಹೇಳ್ತೀನಿ ಮೇಡಂ, ಉಪ್ಪು ಹಾಕಿದ್ದು ನಾನು, ಅಜ್ಜಿದೇನೂ ತಪ್ಪಿಲ್ಲ ಅಂತ. ಕಮಿಟಿಯವರಿಗೂ ಹೇಳ್ತೀನಿ. ಆಮೇಲೆ... ಚಿಕ್ಕೋರಿಗೆಲ್ಲ ನಾನೇ ಬಡಿಸ್ತೀನಿ."

ಮೇಡಂ ತಿಪ್ಪಮ್ಮನ ಕಡೆ ತಿರುಗಿದರು. "ಈಗ ಹೇಳಿ, ಟಿ.ಸಿ. ಬರೀಲಾ?"

"ಬರೀರಿ ನೋಡೋಣ. ಅವನ ಹಿಂದೆನೇ ನಾನೂ ಹೋಗ್ತೀನಿ. ಬಡಿಸೋಕೆ ಆಳು ಬೇಡ್ವಾ ನಂಗೆ?"

ಏಳೋವಾಗ ಪರಸು ಕಿವಿ ಹತ್ರ ಬಗ್ಗಿ ಅಂದಳು... "ನಾಳೆಯಿಂದ ಬೇಗ ಬಾ. ನನ್ನ ಡಬ್ಬೀಲಿ ರೊಟ್ಟಿ ಇರುತ್ತೆ. ಯಾರಿಗೂ ಗೊತ್ತಾಗಲ್ಲ."

ಅವನು ಹೇಳಿದ್ದನ್ನ ಮಾಡಿದ. ಒಂದೊಂದು ಕ್ಲಾಸಿನ ಬಾಗಿಲಲ್ಲೂ ನಿಂತು, ಕಿವಿ ಕೆಂಪಗೆ ಮಾಡ್ಕೊಂಡು ಹೇಳಿದ. ಕಮಿಟಿಯವರ ಬಾಯಿ ಅಲ್ಲಿಗೆ ಬಂದ್ ಆಯ್ತು.

ಮಧ್ಯಾಹ್ನ ಚಿಕ್ಕವರ ಸಾಲಲ್ಲಿ ಪರಸು ಬಡಿಸ್ತಿದ್ದ. ಸಿಂಚನಾ ತಟ್ಟೆ ಖಾಲಿ ಮಾಡಿ, ಕೇಳಲೋ ಬೇಡವೋ ಅಂತ ಅನುಮಾನಿಸ್ತಾ ನಿಂತಿದ್ದಳು.

ಪರಸು ಮಂಡಿಯೂರಿ, ಪಕ್ಕದವರಿಗೂ ಕೇಳಿಸದ ಹಾಗೆ ಕೇಳಿದ... "ಇನ್ನೊಂಚೂರು ಹಾಕ್ಲಾ ಪುಟ್ಟಿ?"

ತಿಪ್ಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಥತ್, ಈ ಹೊಗೆ ಒಂದು."

"ಗ್ಯಾಸ್ ಒಲೇಲಿ ಎಲ್ಲಿಂದ ಬಂತಮ್ಮ ಹೊಗೆ?" ಅಂದ್ರು ಪಿ.ಟಿ. ಮೇಷ್ಟ್ರು... ಅಂದವರು, ತಮ್ಮ ಮುಖವನ್ನೂ ಆ ಕಡೆ ತಿರುಗಿಸ್ಕೊಂಡ್ರು.

*

ತಪ್ಪು ಮಾಡಿದ ಮಗುವನ್ನು ಗೇಟಿನಾಚೆ ದಬ್ಬಿದರೆ ತಪ್ಪು ಹಾಗೇ ಉಳಿಯುತ್ತೆ... ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರೆ ಮಗು ಉಳಿಯುತ್ತೆ.

ನಿಮ್ಮ ತಮಾಷೆಗೆ ಎಲ್ಲರೂ ನಕ್ಕಾಗ, ನಗದೇ ನಿಂತಿದ್ದ ಆ ಒಂದು ಮುಖ... ಅದನ್ನ ನೀವು ನೋಡಿದ್ದೀರಾ?